ಸೋಪು ಒಣಗಲಿ, ಬಾಟಲಿ ಬರಿದಾಗಲಿ

ಪುಟ್ಟೀ,

ಒಬ್ಬರು ಮುಟ್ಟಿದ ಸೋಪನ್ನು ಇನ್ನೊಬ್ಬರು ಮುಟ್ಟಿದರೆ ರೋಗಾಣು ಹತ್ತುತ್ತದೆಯಂತೆ, ನಿಜವಾ ದೊಡ್ಡಮ್ಮ ಎಂದು ಕೇಳಿದ್ದೀಯ. ಹೆರಿಗೆಯ ದಿನ ಹತ್ತಿರವಾಗುತ್ತಿದೆ, ಮಗುವನ್ನು ನೋಡಲು ಹತ್ತಾರು ಜನ ಬಂದು ಹೋಗುತ್ತಾರೆ ಎಂದು ಮನೆಯಲ್ಲಿರುವ ಸೋಪುಗಳನ್ನೆಲ್ಲ ಕೆಲಸದಾಕೆಗೆ ಕೊಟ್ಟು, ಪ್ರತಿ ನಲ್ಲಿಯ ಪಕ್ಕದಲ್ಲೂ ಹ್ಯಾಂಡ್‌ವಾಶ್ ಬಾಟಲಿ ಇಡುವ ಯೋಚನೆಯಲ್ಲಿದ್ದೀಯ ಎಂದು ನಿಮ್ಮಮ್ಮನೂ ಹೇಳಿದಳು. ಸ್ವಲ್ಪ ತಡೆ. ನಿನ್ನ ಮಗುವಿಗೆ ಆಗದ ಸೋಪು ಆಕೆಯ ಮಕ್ಕಳಿಗೆ ಆಗುತ್ತದೆ ಅನ್ನುವುದು ಸರಿಯಲ್ಲ. ಮನೆಯಿಂದ ಆಚೆ ಹಾಕಬೇಕಾದಂಥ ದೋಷ ಆ ಸೋಪಿನಲ್ಲಿ ಇಲ್ಲವೇ ಇಲ್ಲ.

ಬಳಸಿದ ಸೋಪಿನ ಮೇಲೆ ರೋಗಾಣುಗಳು ಇರುತ್ತವೆ, ಅಷ್ಟು ನಿಜ. ಆದರೆ ಅವು ತೊಳೆದ ಕೈಗೆ ದಾಟುವುದಿಲ್ಲ. ಇದನ್ನು ನಾನು ಊಹೆಯ ಮೇಲೆ ಹೇಳುತ್ತಿಲ್ಲ. 1965ರಲ್ಲಿ ಬ್ಯಾನನ್ ಮತ್ತು ಜಡ್ಜ್ ಎಂಬ ಇಬ್ಬರು ಸಂಶೋಧಕರು ಸೋಪಿಗೆ ಬೇಕೆಂದೇ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಹತ್ತಿಸಿ, ಅದೇ ಸೋಪಿನಲ್ಲಿ ಬೇರೆಯವರಿಂದ ಕೈ ತೊಳೆಸಿ ನೋಡಿದರು. ದಾಟಲಿಲ್ಲ. 1988ರಲ್ಲಿ ಹೈನ್ಜ್ ಮತ್ತು ಯಾಕೊವಿಚ್ ಮತ್ತೊಮ್ಮೆ ಪರೀಕ್ಷೆ ಮಾಡಿದರು. ಬಳಸಿದ ಸೋಪುಗಳ ಮೇಲೆ ಅದುವರೆಗೆ ಕಂಡುಬಂದಿದ್ದಕ್ಕಿಂತ 70 ಪಟ್ಟು ಹೆಚ್ಚು ಇ. ಕೋಲಿ ಮತ್ತು ಸ್ಯುಡೋಮೊನಾಸ್ ರೋಗಾಣುಗಳನ್ನು ಹಚ್ಚಿ, 16 ಜನರಿಗೆ ಕೊಟ್ಟು, ಎಂದಿನಂತೆ ಕೈ ತೊಳೆಯಿರಿ ಎಂದರು. ಆಮೇಲೆ ಒಬ್ಬರ ಕೈಯಲ್ಲೂ ಆ ರೋಗಾಣು ಸಿಗಲಿಲ್ಲ.

ಯಾಕೆ ಹೀಗೆ ಎಂದರೆ, ಸೋಪು ಕೆಲಸ ಮಾಡುವ ರೀತಿಯೇ ಅಂಥದ್ದು. ಸೋಪಿನ ಒಂದೊಂದು ಅಣುವಿಗೂ ಒಂದು ತುದಿ ನೀರಿಗೆ ಒಲಿಯುವಂಥದ್ದು, ಇನ್ನೊಂದು ತುದಿ ಜಿಡ್ಡಿಗೆ ಒಲಿಯುವಂಥದ್ದು. ಕೈಯ ಎಣ್ಣೆ, ಬೆವರು, ಕೊಳೆ, ಅದರೊಳಗೆ ಕೂತ ರೋಗಾಣು, ಎಲ್ಲವನ್ನೂ ಅದು ಚರ್ಮದಿಂದ ಎಬ್ಬಿಸಿ ನೊರೆಯೊಳಗೆ ತಂದುಕೊಳ್ಳುತ್ತದೆ. ಹರಿಯುವ ನೀರು ಅದನ್ನು ಒಯ್ಯುತ್ತದೆ. ಕೊರೊನಾದಂಥ ವೈರಸ್ಸಿಗೆ ಮೈಮೇಲೆ ಕೊಬ್ಬಿನ ಪದರವಿರುವುದರಿಂದ ಸೋಪು ಆ ಪದರವನ್ನೇ ಒಡೆದುಹಾಕುತ್ತದೆ. ಸೋಪಿನ ಮೇಲೆ ಹಿಂದಿನವರು ಬಿಟ್ಟುಹೋದದ್ದು ಇದ್ದರೂ ಅದೂ ಇದೇ ನೊರೆಯ ಜೊತೆ ಸಿಂಕಿನಲ್ಲಿ ಇಳಿದುಹೋಗುತ್ತದೆ. ಹಾಗಾಗಿ ಗಟ್ಟಿ ಸೋಪಿಗೆ ಹೆದರಬೇಡ. ಹೆದರಬೇಕಾದದ್ದು ಸೋಪು ಕೂತಿರುವ ನೀರಿಗೆ.

ನಾನು ನರ್ಸ್ ಆಗಿ ಸೇರಿದಾಗ ಹೆರಿಗೆ ವಾರ್ಡಿನಲ್ಲಿ ಗಟ್ಟಿ ಸೋಪು ಬಿಟ್ಟರೆ ಬೇರೆ ಇರಲಿಲ್ಲ. ನಮ್ಮ ಹಿರಿಯ ಸಿಸ್ಟರ್ ಒಬ್ಬರಿದ್ದರು, ಇಡೀ ಸೋಪನ್ನು ಸಿಂಕಿನ ಮೇಲೆ ಇಡಗೊಡುತ್ತಿರಲಿಲ್ಲ. ಹೊಸ ಸೋಪಿನ ಕಾಗದ ಬಿಚ್ಚಿದ ಕೂಡಲೇ ಅದನ್ನು ಗಟ್ಟಿ ದಾರದಿಂದ ನಾಲ್ಕು ತುಂಡು ಮಾಡಿಸುತ್ತಿದ್ದರು. ತಳದಲ್ಲಿ ತೂತು ಕೊರೆದ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಎರಡು ತುಂಡು. ಒಂದು ಒಣಗುವಾಗ ಇನ್ನೊಂದು ಬಳಕೆಗೆ. ಡ್ಯೂಟಿ ಬದಲಾಗುವಾಗ ತಟ್ಟೆ ತೊಳೆದು ಒರೆಸಿ ಇಡಬೇಕು, ಇಲ್ಲದಿದ್ದರೆ ಮುಂದಿನ ಪಾಳಿಯವರು ಚಾರ್ಜ್ ತೆಗೆದುಕೊಳ್ಳುವ ಹಾಗಿಲ್ಲ. ಸೋಪಿನ ಚೂರು ನೀರಿನಲ್ಲಿ ನೆನೆದು ಲೋಳೆಯಾಗಿದ್ದರೆ ಅದನ್ನು ಎತ್ತಿ ಬಿಸಾಡಿಸುತ್ತಿದ್ದರು. ಉಳಿತಾಯದ ಬಗ್ಗೆ ಬಲು ಕಟ್ಟುನಿಟ್ಟಿನ ಹೆಂಗಸು ಆಕೆ, ಆದರೆ ಆ ಲೋಳೆಯ ವಿಷಯದಲ್ಲಿ ಒಂದು ಚೂರೂ ಉಳಿಸುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಆಸ್ಪತ್ರೆಗಳಿಗೆಂದು ಕೈ ತೊಳೆಯುವ ಮಾರ್ಗಸೂಚಿ ಹೊರಡಿಸಿತು. ಗಟ್ಟಿ ಸೋಪು ಬಳಸುವುದಾದರೆ ಸಣ್ಣ ತುಂಡುಗಳಿರಲಿ, ನೀರು ಸೋರಿಹೋಗುವ ತಟ್ಟೆಯಲ್ಲಿ ಇಡಿ ಎಂದು ಅದರಲ್ಲಿದೆ. ಅದನ್ನು ಓದಿದಾಗ ನನಗೆ ಆಕೆಯ ಆ ಅಲ್ಯೂಮಿನಿಯಂ ತಟ್ಟೆ ಕಣ್ಣ ಮುಂದೆ ಬಂತು.

ನಮ್ಮ ಮನೆಗಳಲ್ಲಿ ಸೋಪು ಇಡುವ ರೀತಿ ನೋಡು. ಅಂಗಡಿಯಲ್ಲಿ ಚೆಂದ ಕಂಡಿತೆಂದು ತಂದ ಮುಚ್ಚಳದ ಡಬ್ಬಿ, ತಳದಲ್ಲಿ ಒಂದು ತೂತೂ ಇಲ್ಲ. ತೊಳೆದ ಸೋಪನ್ನು ಹಾಗೇ ಅದರೊಳಗೆ ಹಾಕಿ ಮುಚ್ಚುತ್ತೇವೆ. ಸಂಜೆ ಹೊತ್ತಿಗೆ ಅಡಿಯಲ್ಲಿ ಬೆರಳು ಇಳಿಯುವಷ್ಟು ಲೋಳೆ. ಸೋಪಿನ ಮೇಲೆ ರೋಗಾಣು ಬದುಕುವುದೇ ಆದರೆ ಅಲ್ಲಿ, ಆ ಕದಡಿದ ನೀರಿನಲ್ಲಿ. ಮುಚ್ಚಳದ ಡಬ್ಬಿ ಪ್ರಯಾಣಕ್ಕೆ ಇರಲಿ. ಮನೆಯಲ್ಲಿ ಸೀಳುಗಳಿರುವ, ಕಾಲಿರುವ ತಟ್ಟೆ ಸಾಕು. ನಲ್ಲಿಯ ನೀರು ಸಿಡಿಯದ ಕಡೆ ಇಡು. ಬಳಸುವ ಮೊದಲು ಸೋಪನ್ನೇ ಒಂದು ಸಲ ನೀರಿನ ಕೆಳಗೆ ಹಿಡಿದು ತೊಳೆ. ಎರಡು ಸೋಪು ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿದರೆ ಎರಡೂ ಚೆನ್ನಾಗಿ ಒಣಗುತ್ತವೆ, ಬಾಳಿಕೆಯೂ ಹೆಚ್ಚು.

ಬಾಟಲಿಯ ವಿಷಯಕ್ಕೆ ಬರುತ್ತೇನೆ. ಹಿಂಬದಿಯ ಚೀಟಿ ತಿರುಗಿಸಿ ಓದು, ಪಟ್ಟಿಯಲ್ಲಿ ಮೊದಲು ಇರುವುದು ನೀರು. ಆಮೇಲೆ ಸೋಡಿಯಂ ಲಾರೆತ್ ಸಲ್ಫೇಟ್, ಕೊಕಾಮಿಡೊಪ್ರೊಪೈಲ್ ಬೀಟೈನ್ ಥರದ ಹೆಸರುಗಳು, ಮಂದವಾಗಲು ಉಪ್ಪು, ಬಣ್ಣ, ಸುವಾಸನೆ, ಕೆಡದಂತೆ ಕಾಯುವ ಒಂದೆರಡು ರಾಸಾಯನಿಕ. ಗಟ್ಟಿ ಸೋಪು ಎಣ್ಣೆ ಅಥವಾ ಕೊಬ್ಬನ್ನು ಕಾಸ್ಟಿಕ್ ಸೋಡಾದ ಜೊತೆ ಸೇರಿಸಿ ಮಾಡಿದ್ದು. ಬಾಟಲಿಯಲ್ಲಿ ಬರುವ ಹೆಚ್ಚಿನವು ಅದಲ್ಲ, ಶಾಂಪೂವಿನ ಬಳಗದವು. ಅದಕ್ಕೇ ಕೀಳು ಎನ್ನಬೇಡ. ಅದರಿಂದ ಎರಡು ಅನುಕೂಲವಿದೆ, ನಿನಗೂ ಅದು ಬೇಕಾಗಬಹುದು.

ಮೊದಲನೆಯದು ನೀರು. ನಿಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ ನೀರು ದಿನವೂ ಬರುವುದಿಲ್ಲ, ಉಳಿದ ದಿನ ಬೋರ್‌ವೆಲ್ಲು, ಇಲ್ಲವೇ ಟ್ಯಾಂಕರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಗಟ್ಟಿ ಸೋಪಿನ ಜೊತೆ ಸೇರಿ ಕರಗದ ಕಲ್ಮಷವಾಗುತ್ತದೆ. ಬಕೆಟ್ಟಿನ ಅಂಚಿಗೆ, ನಲ್ಲಿಯ ಬುಡಕ್ಕೆ ಬೆಳ್ಳಗೆ ಕಟ್ಟುವುದು ಅದೇ. ಎಷ್ಟು ಉಜ್ಜಿದರೂ ನೊರೆ ಬಾರದು, ತೊಳೆದ ಮೇಲೂ ಕೈ ಅಂಟಂಟು ಎನಿಸುತ್ತದೆ. ಬಾಟಲಿಯದಕ್ಕೆ ಈ ತೊಂದರೆ ಇಲ್ಲ. ಕೋಲಾರ, ತುಮಕೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು ಚರ್ಮ. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲದ ಕಡೆಗೆ ಇರುತ್ತದೆ, ಪಿಎಚ್ ಸುಮಾರು 5. ಗಟ್ಟಿ ಸೋಪಿನದು 9ರಿಂದ 10. ದಿನಕ್ಕೆ ಹಲವು ಸಲ ತೊಳೆಯುವ ಕೈ ಅದರಿಂದ ಒಣಗಿ ಬಿರಿಯುತ್ತದೆ. ಬಾಟಲಿಯದನ್ನು ಚರ್ಮಕ್ಕೆ ಹತ್ತಿರದ ಪಿಎಚ್‌ನಲ್ಲಿ ಮಾಡಲು ಬರುತ್ತದೆ. ಹಾಗೆಂದು ಬಾಟಲಿಯದು ಯಾರಿಗೂ ಉರಿಯುವುದಿಲ್ಲ ಎಂದುಕೊಳ್ಳಬೇಡ, ಅದರ ಸುವಾಸನೆಯೇ ಒಗ್ಗದವರಿದ್ದಾರೆ. ಬಾಣಂತನದಲ್ಲಿ ನಿನ್ನ ಕೈ ದಿನವಿಡೀ ನೀರಿನಲ್ಲೇ ಇರುತ್ತದೆ. ಯಾವುದರಲ್ಲಿ ತೊಳೆದರೂ ರಾತ್ರಿ ಮಲಗುವಾಗ ಕೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊ. ಬಿರಿದ ಚರ್ಮದ ಸೀಳಿನಲ್ಲಿ ರೋಗಾಣು ಕೂತರೆ ತೆಗೆಯುವುದು ಕಷ್ಟ. ವಾರ್ಡಿನಲ್ಲಿ ನಾವು ಇದನ್ನು ಔಷಧಿಯಷ್ಟೇ ನಿಷ್ಠೆಯಿಂದ ಮಾಡುತ್ತಿದ್ದೆವು.

ಇಷ್ಟೆಲ್ಲ ಅನುಕೂಲವಿದ್ದೂ ಬಾಟಲಿಯ ಬಗ್ಗೆ ನನಗೆ ಒಂದು ದೊಡ್ಡ ಅಂಜಿಕೆ ಇದೆ. ಅದು ನಾವು ಅದನ್ನು ಮತ್ತೆ ತುಂಬುವ ರೀತಿಯದು. ನಿನ್ನ ಅಡುಗೆಮನೆಯ ಸಿಂಕಿನ ಬಳಿ ಇರುವ ಬಾಟಲಿ ನೋಡಿದ್ದೇನೆ. ತಳದಲ್ಲಿ ಬೆರಳಗಲ ಉಳಿದಾಗ ಪಂಪು ಎತ್ತಿಕೊಡುವುದಿಲ್ಲ, ಹಾಳಾಗುವುದೇಕೆ ಎಂದು ನಲ್ಲಿಯ ನೀರು ಹಿಡಿದು ಕುಲುಕುತ್ತೀಯ. ಎರಡು ದಿನ ಆ ತೆಳು ಗುಲಾಬಿ ನೀರೇ ನಡೆಯುತ್ತದೆ. ಆಮೇಲೆ ರೀಫಿಲ್ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಅದರ ಮೇಲೇ ಸುರಿಯುತ್ತೀಯ. ಪಂಪಿನ ಕೊಳವೆಯ ಬುಡದಲ್ಲಿ, ತಿರುಪಿನ ಸಂದಿಯಲ್ಲಿ ಕಪ್ಪಗೆ ಒಂದು ಗೆರೆ ಕಟ್ಟಿತ್ತು, ಉಗುರಿನಿಂದ ಕೆರೆದರೆ ಜಾರುವಂಥದ್ದು. ಇದು ನಿನ್ನೊಬ್ಬಳ ಮನೆಯ ಕಥೆಯಲ್ಲ, ನಾನು ಹೋಗಿಬಂದ ಮನೆಗಳಲ್ಲಿ ಹೆಚ್ಚಿನವರದು ಹೀಗೇ. ತಯಾರಿಸುವವರು ಕೆಡದಂತೆ ಕಾಯಲು ಹಾಕುವ ರಾಸಾಯನಿಕ ಆ ದ್ರವದ ಅಳತೆಗೆ ತಕ್ಕಷ್ಟೇ ಇರುತ್ತದೆ. ನೀರು ಬೆರೆಸಿದರೆ ಅದರ ಬಲ ಕುಗ್ಗುತ್ತದೆ. ನಲ್ಲಿಯ ನೀರಿನಲ್ಲಿ ಬಂದ ಬ್ಯಾಕ್ಟೀರಿಯಾಕ್ಕೆ ಆಗ ಬಾಟಲಿಯೊಳಗೇ ಬಿಡಾರ ಸಿಗುತ್ತದೆ. ಗೋಡೆಗೆ ಒಮ್ಮೆ ತೆಳು ಪದರವಾಗಿ ಅಂಟಿಕೊಂಡಿತೆಂದರೆ ಮೇಲಿಂದ ಎಷ್ಟು ಹೊಸ ದ್ರವ ಸುರಿದರೂ ಅದು ಹೋಗುವುದಿಲ್ಲ, ಸುರಿದದ್ದೂ ಕೆಡುತ್ತದೆ.

ಇದರ ಬಗ್ಗೆಯೂ ಪರೀಕ್ಷೆ ನಡೆದಿದೆ. ಅಮೆರಿಕದ ಒಂದು ಪ್ರಾಥಮಿಕ ಶಾಲೆಯಲ್ಲಿ, ಮೇಲಿನಿಂದ ಸುರಿದು ತುಂಬುವ ಡಿಸ್ಪೆನ್ಸರುಗಳಲ್ಲಿನ ದ್ರವ ಸೋಪು ಕೆಟ್ಟಿತ್ತು. ಮಕ್ಕಳೂ ಸಿಬ್ಬಂದಿಯೂ ಅದರಲ್ಲಿ ಕೈ ತೊಳೆದ ಮೇಲೆ ನೋಡಿದರೆ, ಕೈಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ತೊಳೆಯುವ ಮೊದಲು ಇದ್ದದ್ದಕ್ಕಿಂತ 26 ಪಟ್ಟು ಹೆಚ್ಚಾಗಿತ್ತು. 2011ರಲ್ಲಿ ಇದು ಪ್ರಕಟವಾಯಿತು. ಯೋಚನೆ ಮಾಡು, ಶುಚಿಯಾಗಲೆಂದು ಹೋದ ಮಗು ಹೋಗುವಾಗ ಇದ್ದದ್ದಕ್ಕಿಂತ ಕೊಳೆಯಾದ ಕೈಯಲ್ಲಿ ವಾಪಸು ಬಂದಿದೆ. ಅದೇ ಕಟ್ಟಡದಲ್ಲಿ ಮುಚ್ಚಿದ ಚೀಲದಿಂದ ಸೋಪು ಬರುವ ಡಿಸ್ಪೆನ್ಸರು ಹಾಕಿದಾಗ ಬ್ಯಾಕ್ಟೀರಿಯಾ ಕಡಿಮೆಯಾಯಿತು. ಅರ್ಧ ಖಾಲಿಯಾದ ಡಿಸ್ಪೆನ್ಸರಿಗೆ ಮೇಲಿಂದ ಸೋಪು ಸುರಿಯಬೇಡಿ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 2002ರಷ್ಟು ಹಿಂದೆಯೇ ಆಸ್ಪತ್ರೆಗಳಿಗೆ ಹೇಳಿತ್ತು. ನಾನು ನಿವೃತ್ತಿಯಾಗುವ ಹೊತ್ತಿಗೂ ಕ್ಯಾನಿನಿಂದ ಸೀದಾ ಹಳೆ ಬಾಟಲಿಗೆ ಸುರಿಯುವ ವಾರ್ಡುಗಳನ್ನು ನೋಡಿದ್ದೇನೆ. ಜಗಳವಾಡಿ ಬಾಟಲಿ ತೊಳೆಸಿದ್ದೂ ಉಂಟು. ಹಸಿರು ದ್ರವ ಹಾಕಿದ್ದೇವಲ್ಲ, ಇನ್ನೇನು ಬೇಕು ಎಂದು ಕೇಳುವವರಿಗೆ ಬಾಟಲಿಯ ಬಾಯಿ ಮೂಸಿ ನೋಡಿ ಎನ್ನುತ್ತಿದ್ದೆ.

ಆದ್ದರಿಂದ ಬಾಟಲಿ ಬಳಸುವುದಾದರೆ ಇದೊಂದನ್ನು ತಪ್ಪಿಸಬೇಡ. ಪೂರ್ತಿ ಖಾಲಿಯಾಗಲಿ. ಉಳಿದ ಚೂರು ನೀರು ಬೆರೆಸಿ ಎಳೆಯಬೇಡ, ಬೇಕಾದರೆ ಅದರಲ್ಲಿ ಸಿಂಕು ತೊಳೆದುಬಿಡು. ಬಾಟಲಿಗೆ ಬಿಸಿನೀರು ತುಂಬಿ, ಪಂಪು ಹಲವು ಸಲ ಒತ್ತಿ ಕೊಳವೆಯೊಳಗಿಂದಲೂ ಬಿಸಿನೀರು ಹಾಯಿಸು. ತಿರುಪಿನ ಸಂದಿಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜು. ಬಾಯಿ ಕೆಳಗೆ ಮಾಡಿ ಒಣಗಿಸು. ಒಣಗಲು ಸಮಯ ಬೇಕು, ಅದಕ್ಕೆ ಎರಡು ಬಾಟಲಿ ಇಟ್ಟುಕೊಂಡು ಸರದಿಯಲ್ಲಿ ಬಳಸು. ನೊರೆಯಾಗಿಯೇ ಬರುವ ಪಂಪಿನ ಬಾಟಲಿಗೆ ಸಾಮಾನ್ಯ ಹ್ಯಾಂಡ್‌ವಾಶನ್ನು ನೀರಾಗಿಸಿ ತುಂಬುವ ಉಪಾಯವನ್ನು ಯಾರೋ ಹೇಳಿಕೊಟ್ಟಿದ್ದಾರೆ ಎಂದಿದ್ದೆಯಲ್ಲ, ಅದನ್ನು ಬಿಟ್ಟುಬಿಡು. ಇಷ್ಟು ಮಾಡಲು ಪುರುಸೊತ್ತಿಲ್ಲ ಎನ್ನುವ ಮನೆಗೆ ಗಟ್ಟಿ ಸೋಪೇ ಸುರಕ್ಷಿತ. ಅದರ ತಟ್ಟೆ ಕೊಳಕಾದರೆ ಕಣ್ಣಿಗೆ ಕಾಣುತ್ತದೆ. ಬಾಟಲಿಯೊಳಗೆ ಆಗುವುದು ಕಾಣುವುದಿಲ್ಲ.

ಜಾಹೀರಾತಿನಲ್ಲಿ ಕ್ರಿಮಿನಾಶಕ ಎಂದು ಬರೆದದ್ದಕ್ಕೆ ಹೆಚ್ಚು ದುಡ್ಡು ಕೊಡಬೇಕಾ ಎಂದೂ ಕೇಳಿದ್ದೆ. ಬೇಡ. ಕರಾಚಿಯ ಬಡ ಬಡಾವಣೆಗಳಲ್ಲಿ ಸ್ಟೀಫನ್ ಲೂಬಿ ಮತ್ತು ಅವರ ಜೊತೆಗಾರರು ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಕೆಲವು ಮನೆಗಳಿಗೆ ಸಾದಾ ಸೋಪು ಕೊಟ್ಟರು, ಕೆಲವಕ್ಕೆ ಕ್ರಿಮಿನಾಶಕ ಬೆರೆಸಿದ ಸೋಪು. ವಾರವಾರ ಮನೆಗೆ ಹೋಗಿ ಕೈ ತೊಳೆಯುವ ಅಭ್ಯಾಸ ಮಾಡಿಸಿದರು. ಸೋಪು ಸಿಕ್ಕದ ಮನೆಗಳಿಗೆ ಹೋಲಿಸಿದರೆ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧದಷ್ಟು ಕಡಿಮೆಯಾಯಿತು. ಭೇದಿಯೂ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಸಾದಾ ಸೋಪಿನ ಮನೆಗೂ ಕ್ರಿಮಿನಾಶಕ ಸೋಪಿನ ಮನೆಗೂ ವ್ಯತ್ಯಾಸ ಕಾಣಲಿಲ್ಲ. ನಮ್ಮ ಕೇರಿಗಳಂಥದ್ದೇ ಇಕ್ಕಟ್ಟಾದ ಕೇರಿಗಳು, ನೀರಿಗೂ ತಾಪತ್ರಯ, ಅಲ್ಲಿ ಒಂದು ಸಾಮಾನ್ಯ ಬಿಲ್ಲೆ ಸೋಪು ಅಷ್ಟು ಮಕ್ಕಳನ್ನು ಕಾದಿದೆ. ಇದನ್ನು ಓದಿದಾಗ ನನ್ನ ಕಣ್ಣು ತುಂಬಿ ಬಂದಿತ್ತು. 2016ರಲ್ಲಿ ಅಮೆರಿಕದ ಎಫ್‌ಡಿಎ, ಟ್ರೈಕ್ಲೋಸಾನ್ ಸೇರಿದಂತೆ 19 ಕ್ರಿಮಿನಾಶಕಗಳನ್ನು ಜನಸಾಮಾನ್ಯರು ಕೈ, ಮೈ ತೊಳೆಯುವ ಸೋಪುಗಳಲ್ಲಿ ಹಾಕಬಾರದು ಎಂದಿತು. ಸಾದಾ ಸೋಪು ಮತ್ತು ನೀರಿಗಿಂತ ಅವು ಮೇಲೆಂದು, ದಿನವೂ ಬಳಸಲು ಸುರಕ್ಷಿತವೆಂದು ಕಂಪನಿಗಳು ತೋರಿಸಿಕೊಡಲಿಲ್ಲ ಎನ್ನುವುದೇ ಕಾರಣ.

ಗಟ್ಟಿ ಸೋಪು ಕೊಳ್ಳುವಾಗ ಬಣ್ಣ ನೋಡಬೇಡ, ಕಾಗದದ ಮೇಲೆ ಟಿಎಫ್‌ಎಂ ಎಷ್ಟಿದೆ ನೋಡು. ಸೋಪಿನಲ್ಲಿ ಕೊಬ್ಬಿನಂಶ ನೂರಕ್ಕೆ ಎಷ್ಟು ಎಂಬ ಲೆಕ್ಕ ಅದು. ನಮ್ಮ ದೇಶದ ಮಾನಕದ ಪ್ರಕಾರ ಮೊದಲ ದರ್ಜೆಯ ಟಾಯ್ಲೆಟ್ ಸೋಪಿಗೆ ಕನಿಷ್ಠ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಇರಬೇಕು. ಬೇದಿಂಗ್ ಬಾರ್ ಎಂದು ಬರೆದದ್ದರಲ್ಲಿ 40 ಇದ್ದರೂ ಸಾಕು. ಟಿಎಫ್‌ಎಂ ಕಡಿಮೆಯಾದಷ್ಟೂ ಸೋಪು ಬೇಗ ಕರಗುತ್ತದೆ, ತಟ್ಟೆಯಲ್ಲಿ ಬೇಗ ಲೋಳೆಯಾಗುತ್ತದೆ.

ಮೈಸೂರು ಸ್ಯಾಂಡಲ್ ಸೋಪು ಮೊದಲ ದರ್ಜೆಯದು, ಅದರ ಮೇಲೆ ನನಗೆ ಪ್ರೀತಿಯೂ ಹೆಚ್ಚು. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ವಿಶ್ವೇಶ್ವರಯ್ಯನವರು 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಮಾಡಿಸಿದರು. ಎಸ್.ಜಿ. ಶಾಸ್ತ್ರಿಗಳು ಲಂಡನ್ನಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದು ಆ ಎಣ್ಣೆಯನ್ನು ಸೋಪಿಗೆ ಇಳಿಸಿದರು. ನಿಮ್ಮಜ್ಜಿ ಆ ಸೋಪನ್ನು ತಂದ ದಿನವೇ ಬಳಸುತ್ತಿರಲಿಲ್ಲ. ಪೆಟ್ಟಿಗೆಯಿಂದ ತೆಗೆದು ತಿಂಗಳುಗಟ್ಟಲೆ ಸೀರೆಗಳ ಮಡಿಕೆಯಲ್ಲಿ ಇಡುತ್ತಿದ್ದರು. ಸೀರೆಗೆ ಪರಿಮಳ, ಜೊತೆಗೆ ಸೋಪಿನೊಳಗಿನ ನೀರಿನಂಶವೂ ಆರಿ ಅದು ಗಟ್ಟಿಯಾಗುತ್ತದೆ, ಬಚ್ಚಲಿಗೆ ಬಂದ ಮೇಲೆ ನಿಧಾನವಾಗಿ ಸವೆಯುತ್ತದೆ. ನೀನೂ ಒಂದು ಡಜನ್ ತಂದು ಬೀರುವಿನಲ್ಲಿ ಇಟ್ಟುಕೊ.

ಖರ್ಚಿನ ಲೆಕ್ಕ ನಿನ್ನ ಗಂಡನಿಗೆ ಬೇಕಂತೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು 2009ರಲ್ಲಿ ಎರಡನ್ನೂ ಹೋಲಿಸಿ ಪ್ರಕಟಿಸಿದ್ದಾರೆ. ಒಂದು ಸಲ ಕೈ ತೊಳೆಯಲು ಜನ ಬಳಸುವ ದ್ರವ ಸೋಪು ತೂಕದಲ್ಲಿ ಗಟ್ಟಿ ಸೋಪಿನ ಆರು ಪಟ್ಟಿಗೂ ಹೆಚ್ಚು. ಪಂಪು ಒತ್ತಿದಷ್ಟು ಬರುತ್ತದೆ, ಬೇಕಾದಷ್ಟಲ್ಲ. ತಯಾರಿಕೆಗೆ, ಪ್ಯಾಕಿಂಗಿಗೆ ಹಿಡಿಯುವ ಇಂಧನವೂ ಅದಕ್ಕೇ ಹೆಚ್ಚು. ಗಟ್ಟಿ ಸೋಪಿನವರು ಬಿಸಿನೀರು ಜಾಸ್ತಿ ಬಿಡುತ್ತಾರೆ ಎಂದೂ ಅವರು ಕಂಡರು. ನಾವು ಕೈಗೆ ತಣ್ಣೀರೇ ಬಳಸುವವರು, ಸೋಪು ಉಜ್ಜುವಾಗ ನಲ್ಲಿ ನಿಲ್ಲಿಸಿದರೆ ಆ ದೂರು ನಮಗೆ ತಟ್ಟುವುದಿಲ್ಲ. ಪಂಪಿನೊಳಗೆ ಸ್ಪ್ರಿಂಗು, ರೀಫಿಲ್ ಪ್ಯಾಕೆಟ್ಟಿನಲ್ಲಿ ಪದರ ಪದರದ ಪ್ಲಾಸ್ಟಿಕ್ಕು. ಗುಜರಿಯವನೂ ಅದನ್ನು ಕೈಯಲ್ಲಿ ಮುಟ್ಟುವುದಿಲ್ಲ. ಗಟ್ಟಿ ಸೋಪಿನಿಂದ ಉಳಿಯುವುದು ಒಂದು ಕಾಗದ.

ಹಾಗಾದರೆ ಬಾಟಲಿ ಎಲ್ಲಿ ಇರಬೇಕು? ನಿಮ್ಮತ್ತೆಯವರ ಬಚ್ಚಲಲ್ಲಿ ಖಂಡಿತ ಇರಲಿ. ಅವರ ಬೆರಳ ಗಂಟುಗಳಿಗೆ ವಾತ ಹಿಡಿದಿದೆ, ಒದ್ದೆ ಸೋಪು ಕೈಯಲ್ಲಿ ನಿಲ್ಲುವುದಿಲ್ಲ. ಜಾರಿ ಬಿದ್ದ ಸೋಪಿಗಾಗಿ ಬಗ್ಗಿ, ಅದರ ಮೇಲೇ ಕಾಲಿಟ್ಟು ಸೊಂಟ ಮುರಿದುಕೊಂಡು ಬಂದ ಹಿರಿಯರನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಅವರಿಗೆ ಅಂಗೈಯಲ್ಲಿ ಒತ್ತುವ ಪಂಪೇ ಸರಿ. ಗುರುತಿಲ್ಲದ ಹತ್ತಾರು ಜನ ಬಂದುಹೋಗುವ ಕ್ಲಿನಿಕ್ಕು, ಹೋಟೆಲು, ಕಚೇರಿಗಳಲ್ಲೂ ಬಾಟಲಿಯೇ ಇರಲಿ. ಅಲ್ಲಿ ಸೋಪು ಒಣಗಲು ಪುರುಸೊತ್ತೇ ಸಿಗುವುದಿಲ್ಲ. ಊರಿನ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊದಲು ಮಕ್ಕಳು ಸಾಲಾಗಿ ನಿಲ್ಲುವ ನಲ್ಲಿಗಳ ಬಳಿ ಸೋಪನ್ನು ಬಲೆಯ ಚೀಲದಲ್ಲಿ ಕಟ್ಟಿ ನೇತುಹಾಕಿದರೆ ನೆಲಕ್ಕೂ ಬೀಳದು, ನೀರೂ ಸೋರಿಹೋಗುತ್ತದೆ, ಕಳುವಾಗುವುದೂ ಇಲ್ಲ.

ನಿನ್ನ ಮನೆಗೆ ಬರುವ ನೆಂಟರ ಸಿಂಕಿನ ಬಳಿ ಯಾವುದಿಟ್ಟರೂ ನನ್ನ ತಕರಾರಿಲ್ಲ. ಹೊಸ ಬಾಟಲಿ ಬಿಚ್ಚಿಡು, ಇಲ್ಲವೇ ಸೀಳುತಟ್ಟೆಯಲ್ಲಿ ಸೋಪಿಡು. ಅಲ್ಲಿ ನೀನು ಗಮನ ಕೊಡಬೇಕಾದದ್ದು ಟವೆಲ್ಲಿಗೆ. ಬೆಳಗಿನಿಂದ ಸಂಜೆಯವರೆಗೆ ಹತ್ತು ಜನ ಒರೆಸಿಕೊಂಡ ಒದ್ದೆ ಟವೆಲ್ಲು ತೊಳೆದ ಕೈಯನ್ನು ಮತ್ತೆ ಕೆಡಿಸುತ್ತದೆ. ಹಳೆ ಕಾಟನ್ ಪಂಚೆ ಹರಿದು ಅಂಗೈಯಗಲದ ಬಟ್ಟೆಗಳನ್ನು ಮಾಡಿ ಒಂದು ಬುಟ್ಟಿಯಲ್ಲಿಡು, ಒರೆಸಿಕೊಂಡದ್ದು ಇನ್ನೊಂದು ಬುಟ್ಟಿಗೆ ಬೀಳಲಿ, ಸಂಜೆ ಒಗೆದು ಬಿಸಿಲಿಗೆ ಹಾಕಿದರಾಯಿತು.

ತೊಳೆಯುವವರು ಹೆಚ್ಚಾಗಿ ಬಿಡುವುದು ಹೆಬ್ಬೆರಳು, ಬೆರಳ ತುದಿ, ಉಗುರಿನ ಸಂದಿ, ಉಂಗುರದ ಕೆಳಗೆ. ಅಂಗೈ ಅಂಗೈ ಉಜ್ಜಿ ನಲ್ಲಿ ತಿರುಗಿಸುತ್ತಾರೆ. ಮಗುವಿನ ಕೆನ್ನೆ ಮುಟ್ಟುವುದು ಬೆರಳ ತುದಿಯೇ, ಬಾಯಿಗೆ ಕೊಡುವುದೂ ಅದನ್ನೇ. ಬೆರಳ ತುದಿಗಳನ್ನು ಇನ್ನೊಂದು ಅಂಗೈಯ ನೊರೆಯಲ್ಲಿ ತಿರುಗಿಸಬೇಕು, ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ತಿರುಚಬೇಕು, ಉಂಗುರ ಸರಿಸಬೇಕು. ನೊರೆ ಕೈಮೇಲೆ ಕನಿಷ್ಠ 20 ಸೆಕೆಂಡಾದರೂ ಇರಬೇಕು. ಸ್ಯಾನಿಟೈಸರ್ ಹಚ್ಚಿಕೊಂಡೆ ಎನ್ನುವವರನ್ನೂ ಒಳಗೆ ಬಿಡಬೇಡ. ಬಸ್ಸಿನಲ್ಲಿ ಬಂದ ಕೈಯ ಬೆವರು, ಜಿಡ್ಡನ್ನು ಅದು ತೆಗೆಯುವುದಿಲ್ಲ.

ದೊಡ್ಡವರಿಗೆ ಕೈ ತೊಳೆದು ಬನ್ನಿ ಎಂದು ಹೇಗೆ ಹೇಳುವುದು ಎಂದು ನೀನು ಸಂಕೋಚಪಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಆ ಮಾತು ನನಗೆ ಬಿಡು. ನಾಮಕರಣ ಮುಗಿಯುವವರೆಗೂ ನಾನು ಅಲ್ಲೇ ಇರುತ್ತೇನೆ, ತೊಟ್ಟಿಲ ಹತ್ತಿರ ಬರುವವರನ್ನು ಮೊದಲು ಸಿಂಕಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ.

ನಿನ್ನ ದೊಡ್ಡಮ್ಮ